ಎಸಿ ಮೆಕ್ಯಾನಿಕ್‌ಗೆ ಕರೆಂಟ್ ಲೈಸೆನ್ಸ್: ಕ್ವೀನ್ಸ್‌ಲ್ಯಾಂಡ್‌ನಲ್ಲಿ ‘ರಿಸ್ಟ್ರಿಕ್ಟೆಡ್’ ತಗೊಂಡವರು ಯಾರಾದ್ರೂ ಇದ್ದೀರಾ?

ಹುಬ್ಬಳ್ಳಿ_ಎಸಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ. ಐಟಿಐ ಒಳಗ ಎರಡು ವರ್ಷ ಎಸಿ-ಫ್ರಿಜ್ಜು ರಿಪೇರಿ ಕೋರ್ಸು ಅಂದ್ರ ಎಂಆರ್‌ಎಸಿ ಮುಗಿಸಿ, ಮುಂದ ಒಂಬತ್ತು ವರ್ಷ ಎಸಿ, ಫ್ರಿಜ್ಜು, ಕೋಲ್ಡ್ ಸ್ಟೋರೇಜ್ ಅಂತ ಧಾರವಾಡ ಜಿಲ್ಲಾ ತುಂಬಾ ತಿರುಗೀನಿ. ಮನೆಯಾಕಿ ನರ್ಸ್. ಆಕಿ ಕೆಲಸದ ಮ್ಯಾಲ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬ್ರಿಸ್ಬೇನ್‌ಗೆ ಬಂದು ಎಂಟು ತಿಂಗಳಾತು. ಇಲ್ಲೆ ಒಂದು ಸಣ್ಣ ಎಸಿ ಕಂಪನಿಯೊಳಗ ಹೆಲ್ಪರ್ ಅಂತ ಸೇರೀನಿ. ಎಸಿಯೊಳಗಿನ ಗ್ಯಾಸ್ ಮುಟ್ಟಾಕ ಬೇಕಾದ ಆರ್ಕ್‌ಟಿಕ್ ಟ್ರೈನಿ ಕಾರ್ಡು ಕೈಯಾಗ ಐತಿ.

ಹೋದ ವಾರ ಒಂದು ಬೇಕರಿಗೆ ಹೋಗಿದ್ವಿ. ಔಟ್‌ಡೋರ್ ಯೂನಿಟ್‌ನ ಫ್ಯಾನ್ ಮೋಟರ್ ಸುಟ್ಟಿತ್ತು. ಐದು ನಿಮಿಷದಾಗ ಹಿಡದೆ. ಹೊಸಾ ಮೋಟರ್ ವ್ಯಾನ್‌ನಾಗ ಇತ್ತು. ಆದ್ರ ನಮ್ಮ ಸೀನಿಯರ್ ಅವತ್ತು ರಜಾ ಮ್ಯಾಲಿದ್ರು. ಉಳಿದ ನಮ್ಮಿಬ್ಬರಿಗೂ ವೈರ್ ಬಿಚ್ಚು ಹಕ್ಕು ಇಲ್ಲಂತ. ಎರಡೂವರೆ ತಾಸು ಬಿಸಿಲಾಗ ನಿಂತ್ವಿ. ಎಲೆಕ್ಟ್ರಿಷಿಯನ್ ಬಂದ, ವೈರ್ ಬಿಚ್ಚಿದ, ನಾವು ಮೋಟರ್ ಕೂಡಿಸಿದ್ವಿ, ಆಂವ ಮತ್ತ ವೈರ್ ಕೊಟ್ಟು ಮೀಟರ್ ಹಿಡದು ನೋಡಿ ಹ್ವಾದ. ಬೇಕರಿ ಮಾಲಕ ನಮ್ಮ ಬಿಲ್ಲೂ ಕೊಟ್ಟ, ಅಂವನ ಬಿಲ್ಲೂ ಕೊಟ್ಟ. ಒಂಬತ್ತು ವರ್ಷ ಇದನ್ನ ದಿನಾ ಮಾಡಿದ ಕೈರಿ ಇದು. ಆ ಎರಡೂವರೆ ತಾಸು ಭಾಳ ಚುಚ್ಚಿತು.

ಇದಕ್ಕ ನಾಲ್ಕು ವರ್ಷ ಪೂರಾ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗಬೇಕೇನು? ‘ರಿಸ್ಟ್ರಿಕ್ಟೆಡ್ ಲೈಸೆನ್ಸ್’ ಅಂತ ಒಂದು ಐತಿ, ಅದು ಸಾಕು ಅಂತ ಒಬ್ಬರು ಅಂದ್ರು. ತಗೊಂಡವರು ಇದ್ರ ದಾರಿ ಹೇಳ್ರಿ.

ಇಪ್ಸ್‌ವಿಚ್_ಪ್ಲಂಬರ್

ಅಣ್ಣ, ನಮಸ್ಕಾರ. ನಾನು ತುಮಕೂರು ಕಡೆಯವನು, ಇಲ್ಲಿ ಪ್ಲಂಬರ್. ನನ್ನ ಹತ್ರ ಇರೋದು ಅದೇ ರಿಸ್ಟ್ರಿಕ್ಟೆಡ್. ಬಿಸಿನೀರಿನ ಟ್ಯಾಂಕ್ ಬದಲಿಸೋದೇ ನಮಗೆ ಅರ್ಧ ಕೆಲಸ. ಟ್ಯಾಂಕಿನ ವೈರ್ ಬಿಚ್ಚೋಕೆ ಒಬ್ಬ, ಪೈಪ್ ಬಿಚ್ಚೋಕೆ ಒಬ್ಬ ಅಂದ್ರೆ ಗಿರಾಕಿ ರಾತ್ರಿಯೆಲ್ಲ ತಣ್ಣೀರಲ್ಲೇ ಇರ್ಬೇಕಾಗುತ್ತೆ. ಆ ಗೋಳು ತಪ್ಪಿಸೋಕೇ ಈ ಲೈಸೆನ್ಸ್ ಇರೋದು. ಪ್ಲಂಬರ್, ಗ್ಯಾಸ್ ಫಿಟ್ಟರ್, ನಿಮ್ಮಂಥ ಎಸಿ ಮೆಕ್ಯಾನಿಕ್ ಎಲ್ಲಾರೂ ತಗೊಳ್ಳೋದು ಇದನ್ನೇ. ನಾಲ್ಕು ವರ್ಷ ಬೇಡ.

ಮುಖ್ಯವಾದ ಒಂದು ಮಾತು ಮೊದಲೇ ಹೇಳ್ತೀನಿ, ಇದನ್ನ ತಪ್ಪಿ ಹಲವರು ಕಷ್ಟಕ್ಕೆ ಬಿದ್ದಿದ್ದಾರೆ: ಟ್ರೈನಿಂಗ್ ಪರ್ಮಿಟ್ (ಕಲಿಯೋವಾಗ ವೈರ್ ಮುಟ್ಟೋಕೆ ಸಿಗೋ ಅನುಮತಿ) ಕೈಗೆ ಬರೋ ತನಕ ಒಂದು ಸ್ಕ್ರೂನೂ ಬಿಚ್ಚಬೇಡಿ. ಕೋರ್ಸಿಗೆ ದುಡ್ಡು ಕಟ್ಟಿದ್ದೀನಲ್ಲ, ಸೀನಿಯರ್ ಪಕ್ಕದಲ್ಲೇ ಇದ್ದಾರಲ್ಲ ಅಂತ ಕೈ ಹಾಕೋ ಹಾಗಿಲ್ಲ. ಪರ್ಮಿಟ್ ಬಂದ ಮೇಲೆ ಮಾಡಿದ ಕೆಲಸಕ್ಕಷ್ಟೇ ಲೆಕ್ಕ.

ವೈರಿಂಗ್_ಮೇಷ್ಟ್ರು

ಮೈಸೂರಿನವನು. ಇಲ್ಲಿ ಪೂರ್ಣ ಎಲೆಕ್ಟ್ರಿಷಿಯನ್ ಲೈಸೆನ್ಸ್ ಇಟ್ಟುಕೊಂಡು ಹದಿನಾರು ವರ್ಷವಾಯಿತು, ಕೆಲವು ವರ್ಷಗಳಿಂದ ಇದೇ ಕೋರ್ಸಿಗೆ ಬರುವ ಹುಡುಗರಿಗೆ ಪಾಠ ಹೇಳುತ್ತಿದ್ದೇನೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಇಲ್ಲಿನ ಕಾನೂನು 2002ರ ವಿದ್ಯುತ್ ಸುರಕ್ಷತಾ ಕಾಯ್ದೆ, ಅದರ ಕೆಳಗೆ 2013ರ ನಿಯಮಗಳು. ಬಲ್ಬು, ಫ್ಯೂಸು ಬದಲಿಸುವಂಥ, ಕಸುಬು ಗೊತ್ತಿಲ್ಲದವರೂ ಅಪಾಯವಿಲ್ಲದೆ ಮಾಡಬಹುದಾದ ಕೆಲಸವನ್ನು ಬಿಟ್ಟರೆ, ಕರೆಂಟಿಗೆ ಸಂಬಂಧಿಸಿದ್ದೆಲ್ಲ ಲೈಸೆನ್ಸ್ ಇದ್ದವರ ಕೆಲಸ. ರಿಸ್ಟ್ರಿಕ್ಟೆಡ್ ಲೈಸೆನ್ಸ್ ಅಂದರೆ ನಿಮ್ಮ ಮೂಲ ಕಸುಬು ಮಾಡುವಾಗ ಅದರ ಜೊತೆ ಬಂದೇ ಬರುವ ವಿದ್ಯುತ್ ಕೆಲಸಕ್ಕೆ ಮಾತ್ರ ಅನುಮತಿ. ನೀವು ಎಸಿಯವರು, ಆದ್ದರಿಂದ ಎಸಿಯ ವೈರ್ ಬಿಚ್ಚಬಹುದು, ಅದೇ ಥರದ ಮೋಟರ್, ಕಾಂಟ್ಯಾಕ್ಟರ್, ಕೆಪಾಸಿಟರ್ ಹಾಕಿ ಮತ್ತೆ ಕೊಡಬಹುದು, ಯೂನಿಟ್‌ನೊಳಗಿನ ದೋಷ ಹುಡುಕಬಹುದು. ಆ ಮನೆಯವರು ‘ಹೇಗೂ ಬಂದಿದ್ದೀರಿ, ಈ ಓವನ್ನೂ ನೋಡಿ’ ಎಂದರೆ ಆಗುವುದಿಲ್ಲ. ಓವನ್ ನಿಮ್ಮ ಕಸುಬಲ್ಲ.

ಎಸಿಯಲ್ಲೂ ಎಲ್ಲವೂ ನಿಮ್ಮದಲ್ಲ. ಸ್ವಿಚ್‌ಬೋರ್ಡಿನಿಂದ ಹೊಸ ಲೈನ್ ಎಳೆಯುವುದು, ಇದ್ದ ಕೇಬಲ್ ಸಾಲದು ಅಂತ ಮೂರು ಅಡಿ ಸೇರಿಸುವುದು, ಬ್ರೇಕರ್ ಟ್ರಿಪ್ ಆಗುತ್ತಿದೆ ಅಂತ ದೊಡ್ಡದು ಹಾಕುವುದು, ಇವೆಲ್ಲ ಪೂರ್ಣ ಎಲೆಕ್ಟ್ರಿಷಿಯನ್ನಿನವು. ನಾನು ತರಗತಿಯಲ್ಲಿ ಹೇಳುವುದು ಹೀಗೆ: ಯಂತ್ರದ ಟರ್ಮಿನಲ್‌ವರೆಗೆ ನಿಮ್ಮದು, ಗೋಡೆಯೊಳಗಿನದು ನಿಮ್ಮದಲ್ಲ.

ಕೋರ್ಸಿನಲ್ಲಿ ಎರಡು ಘಟಕ ಮುಖ್ಯ. ಯುಇಇಆರ್‌ಎಲ್ 0004 ಅಂದರೆ ಬಿಚ್ಚಿ ಮತ್ತೆ ಜೋಡಿಸುವುದು. ಯುಇಇಆರ್‌ಎಲ್ 0005 ಅಂದರೆ ದೋಷ ಹುಡುಕಿ ಸರಿಪಡಿಸುವುದು. ಬರೀ ಟ್ಯಾಂಕ್ ಬದಲಿಸುವ ಪ್ಲಂಬರ್‌ಗೆ ಮೊದಲಿನದೇ ಸಾಕಾಗಬಹುದು, ಎಸಿ ಮೆಕ್ಯಾನಿಕ್ ಎರಡನೆಯದನ್ನು ಬಿಡಲೇಬಾರದು. ಇಲ್ಲದಿದ್ದರೆ ಮೋಟರ್ ಸುಟ್ಟಿದೆ ಎಂದು ಅಳೆದು ಹೇಳುವುದಕ್ಕೂ ನಿಮಗೆ ಇನ್ನೊಬ್ಬರು ಬೇಕಾಗುತ್ತಾರೆ. ತರಗತಿಯ ಜೊತೆಗೆ ಕೆಲಸದ ಜಾಗದಲ್ಲಿ ಮಾಡಿದ್ದರ ಲಾಗ್‌ಬುಕ್ಕು, ಲೈಸೆನ್ಸ್ ಇರುವವರ ಸಹಿ. ಎದೆ ಒತ್ತುವ ಸಿಪಿಆರ್, ಷಾಕ್ ಹೊಡೆದವನನ್ನು ಬಿಡಿಸುವ ವಿಧಾನ, ಇವೆರಡೂ ಕಲಿಯಬೇಕು. ಇಷ್ಟಾದ ಮೇಲೆ ಎಲೆಕ್ಟ್ರಿಕಲ್ ಸೇಫ್ಟಿ ಆಫೀಸಿಗೆ ಅರ್ಜಿ. ನಿಮ್ಮ ಸೀನಿಯರ್ ಸಹಿ ಹಾಕಲು ಒಪ್ಪುತ್ತಾರೆಯೇ ಎಂದು ಕೋರ್ಸಿಗೆ ಸೇರುವ ಮೊದಲೇ ಕೇಳಿಕೊಳ್ಳಿ. ತರಗತಿ ಮುಗಿಸಿ, ಸಹಿ ಹಾಕುವವರಿಲ್ಲದೆ ತಿಂಗಳುಗಟ್ಟಲೆ ಕೂತ ಹುಡುಗರನ್ನು ನೋಡಿದ್ದೇನೆ.

ಗೋಲ್ಡ್‌ಕೋಸ್ಟ್_ಕನ್ನಡಿಗ

ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ಆದ್ರೆ ಪ್ರತಿ ಔಟ್‌ಡೋರ್ ಯೂನಿಟ್ ಪಕ್ಕದಲ್ಲೂ ಐಸೊಲೇಟರ್ ಸ್ವಿಚ್ ಇರುತ್ತಲ್ಲ? ಅದನ್ನ ಆಫ್ ಮಾಡಿದ್ರೆ ಮುಂದಕ್ಕೆ ಕರೆಂಟೇ ಇಲ್ಲ. ಕರೆಂಟ್ ಇಲ್ಲದ ವೈರ್ ಬಿಚ್ಚೋಕೆ ಲೈಸೆನ್ಸ್ ಯಾಕೆ? ನಾನು ಹ್ಯಾಂಡಿಮ್ಯಾನ್ ಕೆಲಸ ಮಾಡೋನು. ನಮ್ಮೂರಲ್ಲಿ ಹತ್ತನೇ ಕ್ಲಾಸಿನ ಹುಡುಗರೂ ಇದನ್ನ ಮಾಡ್ತಾರೆ. ಇಷ್ಟೊಂದು ಕಾಗದ ಪತ್ರ ಬರೀ ದುಡ್ಡಿಗೆ ಅನ್ಸುತ್ತೆ ನಂಗೆ.

ಇಪ್ಸ್‌ವಿಚ್_ಪ್ಲಂಬರ್

ಗೆಳೆಯಾ, ನಿನ್ನ ಮಾತನ್ನ ನಾನೂ ಒಂದು ಕಾಲದಲ್ಲಿ ಹೇಳ್ತಿದ್ದೆ. ನಾನು ಲಾಗ್‌ಬುಕ್ ತುಂಬಿಸೋ ದಿನಗಳಲ್ಲಿ ನಡೆದದ್ದು ಹೇಳ್ತೀನಿ ಕೇಳು.

ಸಂಜೆ ಆರೂವರೆ. ಕಂಬಗಳ ಮೇಲೆ ನಿಂತಿರೋ ಹಳೇ ಮರದ ಮನೆ. ಕೆಳಗೆ 250 ಲೀಟರಿನ ಟ್ಯಾಂಕ್ ತಳ ತೂತಾಗಿ ನೀರು ಹರೀತಿದೆ. ಮನೆಯವರು ಆಗಲೇ ಮೇಲೆ ಬೋರ್ಡಲ್ಲಿ ‘ಹಾಟ್ ವಾಟರ್’ ಅಂತ ಬರೆದಿದ್ದ ಸ್ವಿಚ್ ಆರಿಸಿದ್ರು. ನಾನು ಟ್ಯಾಂಕಿನ ಕೆಳಗಿನ ಮುಚ್ಚಳ ತೆಗೆದು ಟೆಸ್ಟರ್ ಇಟ್ಟೆ. ಫೇಸ್–ನ್ಯೂಟ್ರಲ್ ಸೊನ್ನೆ, ಫೇಸ್–ಅರ್ತ್ ಸೊನ್ನೆ, ನ್ಯೂಟ್ರಲ್–ಅರ್ತ್ ಸೊನ್ನೆ. ಸ್ಕ್ರೂಡ್ರೈವರ್ ಕೈಗೆ ತಗೊಂಡೆ. ನನ್ನ ಮೇಲಿನವರು ಒಂದೇ ಮಾತು ಕೇಳಿದ್ರು: ‘ಈ ಟ್ಯಾಂಕ್ ಯಾವ ಟ್ಯಾರಿಫು?’

ಗೊತ್ತಿರದವರಿಗೆ: ಇಲ್ಲಿ ಟ್ಯಾರಿಫ್ 31, ಟ್ಯಾರಿಫ್ 33 ಅಂತ ಕಡಿಮೆ ದರದ ಲೈನ್ ಇವೆ. 31ರಲ್ಲಿ ದಿನಕ್ಕೆ ಕನಿಷ್ಠ 8 ಗಂಟೆ, 33ರಲ್ಲಿ 18 ಗಂಟೆ ಕರೆಂಟು. ಉಳಿದ ಹೊತ್ತು ಕಂಪನಿಯವರು ಅವರ ಕಡೆಯಿಂದಲೇ ಆರಿಸ್ತಾರೆ, ಹಚ್ಚೋದೂ ಅವರೇ. ಮನೇಲಿ ಲೈಟು ಉರೀತಿರುತ್ತೆ, ಟಿವಿ ಓಡ್ತಿರುತ್ತೆ, ಟ್ಯಾಂಕಿಗೆ ಮಾತ್ರ ಕರೆಂಟ್ ಇರಲ್ಲ.

ಅವರು ಮೀಟರ್ ಪೆಟ್ಟಿಗೆ ಹತ್ರ ಕರ್ಕೊಂಡು ಹೋದ್ರು. ಮನೆಯವರು ಆರಿಸಿದ್ದ ಸ್ವಿಚ್ಚು ಹಿಂದೆ ಯಾವಾಗಲೋ ಇದ್ದ ಟ್ಯಾಂಕಿನದು, ಈಗ ಅದಕ್ಕೆ ಏನೂ ಜೋಡಿಸಿಲ್ಲ. ನಿಜವಾದ ಸ್ವಿಚ್ಚು ಕೆಳಗಿನ ಸಾಲಲ್ಲಿ, ಆನ್ ಇದೆ. ನಾವು ಬೋರ್ಡ್ ನೋಡ್ತಾ ನಿಂತಾಗಲೇ ಪೆಟ್ಟಿಗೆಯೊಳಗೆ ‘ಟಕ್’ ಅಂತು. ರಿಲೇ ಎಳ್ಕೊಳ್ತು. ಅದೇ ಟರ್ಮಿನಲ್‌ಗೆ ಕರೆಂಟ್ ಬಂದೇ ಬಿಟ್ಟಿತ್ತು. ವಾಪಸ್ ಬಂದು ಟೆಸ್ಟರ್ ಇಟ್ಟೆ, ದೀಪ ಎಲ್ಲಾ ಹತ್ಕೊಂಡ್ವು. ನಾನು ಅಲ್ಲಿ ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತಿದ್ದೆ.

ಸೊನ್ನೆ ತೋರಿಸಿದ್ದಕ್ಕೆ ‘ಆಫ್ ಆಗಿದೆ’ ಅಂತ ಅರ್ಥ ಅಲ್ಲ. ಸ್ವಿಚ್ ಆರಿಸಿ, ಬೀಗ ಹಾಕಿ, ಟ್ಯಾಗ್ ಕಟ್ಟಿ, ಆಮೇಲೆ ಸೊನ್ನೆ ತೋರಿಸಿದ್ರೆ ಅದು ಆಫ್.

ದಾವಣಗೆರೆ_ಪಂಪ್‌ಸೆಟ್

ಅಣ್ಣಾರೇ, ನಾನು ಊರಲ್ಲೇ ಇರೋನು, ಬೋರ್‌ವೆಲ್ ಮೋಟ್ರು ರಿಪೇರಿ. ಸುಮ್ನೆ ಓದ್ತಾ ಇದ್ದೆ, ಈ ಮಾತು ಓದಿ ಮೈ ಜುಮ್ ಅಂತು. ನಮ್ಮಲ್ಲಿ ದಿನಾ ನಡೆಯೋದೇ ಇದು. ಹೊಲಕ್ಕೆ ತ್ರೀ ಫೇಸ್ ಬರೋದು ದಿನಕ್ಕೆ ಕೆಲವು ಗಂಟೆ, ಅದೂ ಪಾಳಿ ಮೇಲೆ. ಕರೆಂಟ್ ಇಲ್ಲದ ಹೊತ್ತಲ್ಲಿ ಸ್ಟಾರ್ಟರ್ ಬಾಕ್ಸ್ ಬಿಚ್ಚಿ ಕೂರ್ತೀವಿ. ‘ಇನ್ನೂ ಒಂದು ತಾಸೈತೆ ಬರೋಕೆ’ ಅಂತ ರೈತರು ಅಂತಾರೆ. ಅದರ ಮೇಲೆ ಎಲ್ಲಾ ಕಡೆ ಆಟೋ ಸ್ಟಾರ್ಟರ್ ಹಾಕ್ಸಿರ್ತಾರೆ, ಕರೆಂಟ್ ಬಂದ ಕೂಡ್ಲೆ ಮೋಟ್ರು ತಾನೇ ಓಡುತ್ತೆ.

ನಮ್ಮ ಪಕ್ಕದ ಹಳ್ಳೀಲಿ ಒಬ್ಬ ಹುಡುಗ ಹಂಗೇ ಹೋದ. ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಲ್ಲಿ ಇಟ್ಕೊಂಡಿದ್ರೆ ಬದುಕ್ತಿದ್ದ. ಅವತ್ತಿನಿಂದ ಮೂರೂ ಫ್ಯೂಸ್ ಕಿತ್ತು ನನ್ನ ಜೇಬಿಗೆ ಹಾಕ್ಕೊಂಡೇ ನಾನು ಬಾಕ್ಸ್ ಮುಟ್ಟೋದು. ನೀವು ಹೇಳೋ ಬೀಗ ಅಂದ್ರೆ ಅದೇ ಅಲ್ವಾ?

ವೈರಿಂಗ್_ಮೇಷ್ಟ್ರು

ಅದೇ ತಮ್ಮಾ. ಜೇಬಿನಲ್ಲಿರುವ ಫ್ಯೂಸ್ ನಿನ್ನ ಬೀಗ. ಇಲ್ಲಿ ಕಲಿಸುವುದರ ತಿರುಳು ನಿನಗಾಗಲೇ ಗೊತ್ತಿದೆ: ಕರೆಂಟ್ ವಾಪಸ್ ಬರುವ ದಾರಿಯ ಕೀಲಿ ಕೆಲಸ ಮಾಡುವವನ ಮೈಮೇಲೇ ಇರಬೇಕು.

ಗೋಲ್ಡ್‌ಕೋಸ್ಟಿನ ಗೆಳೆಯರಿಗೆ ಎರಡು ಮಾತು. ಐಸೊಲೇಟರ್ ಆರಿಸಿದರೂ ಅದಕ್ಕೆ ಒಳಬರುವ ಕಡೆಯ ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಮುಚ್ಚಳ ತೆಗೆದರೆ ಬೆರಳಿಗೆ ಒಂದಿಂಚು ದೂರ. ಇನ್ವರ್ಟರ್ ಎಸಿಯ ಬೋರ್ಡಿನ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿರುತ್ತವೆ. ಇನ್ನು ಕಾಗದ ಪತ್ರದ ಮಾತು. 2009–10ರಲ್ಲಿ ಇಲ್ಲಿನ ಕೇಂದ್ರ ಸರ್ಕಾರ ಮನೆಗಳ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸುವ ಯೋಜನೆ ತಂದಿತ್ತು. ಆ ಕೆಲಸಕ್ಕೆ ಹೋದ ನಾಲ್ವರು ಹುಡುಗರು ಸತ್ತರು. ಅವರಲ್ಲಿ ಮೂವರು ಕ್ವೀನ್ಸ್‌ಲ್ಯಾಂಡಿನಲ್ಲಿ, ಕರೆಂಟ್ ಹೊಡೆದು. ಫಾಯಿಲ್ ಹಾಳೆಗೆ ಲೋಹದ ಸ್ಟೇಪಲ್ ಹೊಡೆಯುವಾಗ ಅದು ಅಟ್ಟದ ವೈರಿನೊಳಗೆ ಇಳಿದು ಇಡೀ ಹಾಳೆಗೆ ಕರೆಂಟ್ ಹರಿದ ಪ್ರಸಂಗಗಳು ಅದರಲ್ಲಿವೆ. ರಾಯಲ್ ಕಮಿಷನ್ ಕೂತು 2014ರಲ್ಲಿ ವರದಿ ಕೊಟ್ಟಿತು. ಕರೆಂಟ್ ಹೊಡೆದ ಆ ಮೂವರಲ್ಲಿ ಯಾರೂ ‘ಕರೆಂಟ್ ಕೆಲಸ’ ಮಾಡುತ್ತಿರಲಿಲ್ಲ, ಬೇರೆ ಕಸುಬು ಮಾಡುತ್ತಾ ಕರೆಂಟಿನ ಪಕ್ಕಕ್ಕೆ ಹೋಗಿದ್ದರು. ಈ ಕೋರ್ಸಿನ ಮೊದಲ ದಿನ ನಾನು ಆ ವರದಿಯ ಕಥೆಯನ್ನೇ ಹೇಳುವುದು.

ಗೋಲ್ಡ್‌ಕೋಸ್ಟ್_ಕನ್ನಡಿಗ

ಮೇಷ್ಟ್ರೇ, ಆ ಹುಡುಗರ ವಿಷಯ ನಂಗೆ ಗೊತ್ತಿರ್ಲಿಲ್ಲ. ಆದ್ರೂ ಒಂದು ಕೇಳ್ತೀನಿ. ಕರೆಂಟ್ ಅರ್ತಿಗೆ ಸೋರಿದ್ರೆ ತಾನೇ ಆಫ್ ಆಗೋ ಸೇಫ್ಟಿ ಸ್ವಿಚ್ ಇದ್ಯಲ್ಲ ಪ್ರತಿ ಮನೇಲೂ? 30 ಮಿಲಿ ಆಂಪಿಗೆ ಬೀಳುತ್ತೆ. ಅದು ಕಾಪಾಡಲ್ವಾ?

ವೈರಿಂಗ್_ಮೇಷ್ಟ್ರು

ಇದ್ದ ಕಡೆ, ಅರ್ತಿಗೆ ಹರಿದಾಗ ಕಾಪಾಡುತ್ತದೆ. ಒಂದು ಕೈಲಿ ಫೇಸ್, ಇನ್ನೊಂದು ಕೈಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವೂ ಒಂದು ಬಲ್ಬಿನ ಹಾಗೇ ಕಾಣುತ್ತೀರಿ, ಬೀಳುವುದಿಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಬಿಸಿನೀರಿನ ಲೈನು, ಎಸಿ ಲೈನು ಸೇಫ್ಟಿ ಸ್ವಿಚ್ಚಿನ ಕೆಳಗೆ ಇರುವುದೇ ಇಲ್ಲ.

ಹುಬ್ಬಳ್ಳಿ_ಎಸಿ

ಮೇಷ್ಟ್ರ, ಇಷ್ಟು ಬಿಡಿಸಿ ಬರದ್ರಿ, ನಿಮ್ಮ ಉಪಕಾರ ಭಾಳ ಆತು. ಇಪ್ಸ್‌ವಿಚ್ ಅಣ್ಣಾರ ಟ್ಯಾಂಕಿನ ಮಾತು ಮನೆಯಾಕಿಗೂ ಓದಿ ಹೇಳಿದೆ. ಆಕಿ ಎಮರ್ಜೆನ್ಸಿ ವಾರ್ಡಿನ್ಯಾಕಿ, ಷಾಕ್ ಹೊಡಸ್ಕೊಂಡು ಬರೋವ್ರನ್ನ ನೋಡ್ಯಾಳ. ‘ಲೈಸೆನ್ಸ್ ಸಿಗೂ ತನಕ ಕೈ ಕಟ್ಟಿ ನಿಂದ್ರು’ ಅಂದ್ಲು.

ಇನ್ನೊಂದು ಅನುಮಾನ. ನಾ ಊರಾಗಿನ ನಿಯಾನ್ ಟೆಸ್ಟರ್ ತಂದೀನಿ, ಸ್ಕ್ರೂಡ್ರೈವರ್ ಥರದ್ದು. ಇಲ್ಲೆ ಅದನ್ನ ನೋಡಿ ಸೀನಿಯರ್ ಕಸದಬುಟ್ಟಿಗೆ ಹಾಕು ಅಂದ್ರು. ಮತ್ತ ಇಲ್ಲಿ ವೈರ್ ಬಣ್ಣ ಎಲ್ಲಾ ಬ್ಯಾರೆ ಕಾಣತಾವು. ಊರಾಗಿನ ರೂಢಿ ಎಷ್ಟು ಇಟ್ಕೋಬೇಕು, ಎಷ್ಟು ಬಿಡಬೇಕು?

ವೈರಿಂಗ್_ಮೇಷ್ಟ್ರು

ಇದೇ ನನ್ನ ಅತಿ ಮುಖ್ಯ ಪಾಠ, ಅನುಭವ ಇದ್ದವರಿಗೇ ಇದು ಹೆಚ್ಚು ಬೇಕು. ಹೊಸಬ ಬಣ್ಣ ನೋಡಿ ಅನುಮಾನಪಡುತ್ತಾನೆ. ಒಂಬತ್ತು ವರ್ಷ ಮಾಡಿದ ಕೈ ಅನುಮಾನಪಡುವುದಿಲ್ಲ, ನೇರ ಹೋಗಿ ಹಿಡಿಯುತ್ತದೆ.

ಊರಲ್ಲಿ ತ್ರೀ ಫೇಸ್ ಅಂದರೆ ಕೆಂಪು, ಹಳದಿ, ನೀಲಿ, ನ್ಯೂಟ್ರಲ್ ಕಪ್ಪು. ಇಲ್ಲಿನ ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು, ಬಿಳಿ, ನೀಲಿ, ನ್ಯೂಟ್ರಲ್ ಕಪ್ಪು. ಲೈಟಿನ ಸ್ವಿಚ್ಚಿನಿಂದ ಹೋಗುವ ಫೇಸೂ ಎಷ್ಟೋ ಕಡೆ ಬಿಳಿಯೇ. ಆದರೆ ಅಮೆರಿಕದ ವಿಡಿಯೊ ನೋಡಿ ಕಲಿತವರಿಗೆ ಬಿಳಿ ನ್ಯೂಟ್ರಲ್, ಕಪ್ಪು ಫೇಸ್. ಇಲ್ಲಿಗೆ ಸರಿಯಾಗಿ ಉಲ್ಟಾ. ಮೂರನೆಯದು, ಯಂತ್ರದ ಜೊತೆ ಬರುವ ಮೆತ್ತನೆ ಕಾರ್ಡಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಅಂದರೆ ಒಂದೇ ಐಸೊಲೇಟರ್ ಪೆಟ್ಟಿಗೆಯಲ್ಲಿ ಒಂದು ನೀಲಿ ಫೇಸು, ಇನ್ನೊಂದು ನೀಲಿ ನ್ಯೂಟ್ರಲ್ ಆಗಿರಬಹುದು. ಬಣ್ಣ ಸುಳಿವು ಅಷ್ಟೇ, ಸಾಕ್ಷಿ ಮೀಟರ್.

ಸಾಕೆಟ್ಟೂ ಹಾಗೇ. ಊರಿನ ಸಾಕೆಟ್ಟಿಗೆ ಎದುರಾಗಿ ನಿಂತರೆ ಅರ್ತ್ ಮೇಲೆ, ಫೇಸ್ ಬಲಕ್ಕೆ. ಇಲ್ಲಿ ಅರ್ತ್ ಕೆಳಗೆ, ಫೇಸ್ ಎಡಕ್ಕೆ.

ನಿಯಾನ್ ಟೆಸ್ಟರ್ ವಿಷಯದಲ್ಲಿ ನಿಮ್ಮ ಸೀನಿಯರ್ ಮಾತು ಸರಿ. ಅದು ಉರಿಯಬೇಕಾದರೆ ನಿಮ್ಮ ಮೈಯೇ ದಾರಿಯಾಗಬೇಕು. ರಬ್ಬರ್ ಬೂಟು ಹಾಕಿ ಒಣ ಮರದ ಏಣಿ ಮೇಲೆ ನಿಂತರೆ ಕರೆಂಟ್ ಇದ್ದರೂ ಮಂಕಾಗಿಯೋ, ಕಾಣದಷ್ಟೋ ಉರಿಯುತ್ತದೆ, ಬಿಸಿಲಿನಲ್ಲಿ ಕೇಳುವುದೇ ಬೇಡ. ಎರಡು ಕಡ್ಡಿಯ ಟೆಸ್ಟರ್ ಕೊಳ್ಳಿ. ಮೊದಲು ಕರೆಂಟ್ ಇರುವುದು ಖಚಿತವಿರುವ ಕಡೆ ಇಟ್ಟು ಟೆಸ್ಟರ್ ಸರಿ ಇದೆಯೇ ನೋಡಿ. ಆಮೇಲೆ ಕೆಲಸದ ಜಾಗದಲ್ಲಿ. ಆಮೇಲೆ ಮತ್ತೆ ಮೊದಲಿನ ಕಡೆ. ನಡುವೆ ಟೆಸ್ಟರ್ ಕೆಟ್ಟಿದ್ದರೆ ಮೂರನೆಯ ಸಲ ಗೊತ್ತಾಗುತ್ತದೆ.

ಇಪ್ಸ್‌ವಿಚ್_ಪ್ಲಂಬರ್

ವಾಪಸ್ ಜೋಡಿಸಿದ ಮೇಲಿನ ಟೆಸ್ಟನ್ನೂ ಹೇಳ್ಬಿಡ್ತೀನಿ, ಪರೀಕ್ಷೆಲಿ ಹೆಚ್ಚಿನ ಜನ ಜಾರೋದು ಅಲ್ಲೇ. 3.6 ಕಿಲೋವ್ಯಾಟ್, 240 ವೋಲ್ಟ್ ಅಂತ ಬರೆದ ಎಲಿಮೆಂಟ್ ಓಮ್ ಮೀಟರಲ್ಲಿ 16ರ ಸುಮಾರು ತೋರಿಸ್ಬೇಕು. ಸೊನ್ನೆ ಹತ್ರ ಬಂದ್ರೆ ಷಾರ್ಟ್, ಏನೂ ಬರ್ಲಿಲ್ಲ ಅಂದ್ರೆ ಎಲಿಮೆಂಟ್ ಕಟ್. ಅರ್ತ್ ಕಂಟಿನ್ಯುಟಿ ಟ್ಯಾಂಕಿನ ಲೋಹದ ಮೈಗೆ ಇಟ್ಟೇ ನೋಡ್ಬೇಕು, ಬಣ್ಣ ಬಳಿದ ಜಾಗದ ಮೇಲಲ್ಲ. ಆಮೇಲೆ ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರು), 500 ವೋಲ್ಟ್ ಡಿಸಿ. ವೈರಿಂಗ್ ಆದ್ರೆ ಕನಿಷ್ಠ 1 ಮೆಗಾಓಮ್ ಬೇಕು. ನೀರಿನ ಎಲಿಮೆಂಟ್‌ಗೆ ವೈರಿಂಗ್ ರೂಲ್ಸ್‌ನಲ್ಲಿ 0.01 ಮೆಗಾಓಮ್ ತನಕ ವಿನಾಯ್ತಿ ಇದೆ, ಯಾಕಂದ್ರೆ ಎಲಿಮೆಂಟ್ ಒಳಗೆ ತುಂಬಿರೋ ಪುಡಿ ತೇವ ಎಳ್ಕೊಂಡಿರುತ್ತೆ. ಇದನ್ನ ತಿಳೀದೆ ಒಳ್ಳೇ ಎಲಿಮೆಂಟ್ ಬಿಸಾಕಿದವರಿದ್ದಾರೆ. ಟ್ಯಾಂಕಲ್ಲಿ ನೀರು ತುಂಬೋ ಮುಂಚೆ ಸ್ವಿಚ್ ಹಾಕ್ಬೇಡಿ, ಎಲಿಮೆಂಟ್ ನಿಮಿಷದಲ್ಲಿ ಸುಟ್ಟೋಗುತ್ತೆ.

ಹಳೇದು 2.4, ಹೊಸದು 3.6 ತಂದಿದ್ದೀವಿ ಅಂದ್ರೆ ನಿಲ್ಲಿಸಿ. 10 ಆಂಪಿದ್ದದ್ದು 15 ಆಂಪಾಯ್ತು. ಆ ಕೇಬಲ್, ಆ ಬ್ರೇಕರ್ ತಡ್ಕೊಳ್ತಾವಾ ಅನ್ನೋ ತೀರ್ಮಾನ ನಮ್ದಲ್ಲ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಕುಡ್ಲದ_ಅಕ್ಕ

ಆಕ್ಲೆಂಡಿನಿಂದ ನಮಸ್ಕಾರ. ನಾನು ಇಲ್ಲಿ ವಾಷಿಂಗ್ ಮೆಷಿನ್, ಓವನ್ ರಿಪೇರಿ ಮಾಡುವುದು. ನ್ಯೂಜಿಲೆಂಡಿನಲ್ಲಿ ಹೆಸರು ಬೇರೆ ಉಂಟು. ಎಲೆಕ್ಟ್ರಿಕಲ್ ವರ್ಕರ್ಸ್ ರಿಜಿಸ್ಟ್ರೇಷನ್ ಬೋರ್ಡ್ ಅಂತ ಒಂದೇ ಬೋರ್ಡು ಇಡೀ ದೇಶಕ್ಕೆ. ನನ್ನದು ‘ಎಲೆಕ್ಟ್ರಿಕಲ್ ಸರ್ವಿಸ್ ಟೆಕ್ನಿಷಿಯನ್’. ಪ್ಲಂಬರ್, ಗ್ಯಾಸ್‌ನವರಿಗೆ ‘ಅಸೋಸಿಯೇಟೆಡ್ ಟ್ರೇಡ್ಸ್‌ಪರ್ಸನ್’ ಅಂತ ಬೇರೆ ವರ್ಗ. ಕಲಿಯುವಾಗ ಟ್ರೈನಿ ಲಿಮಿಟೆಡ್ ಸರ್ಟಿಫಿಕೇಟ್ ಬೇಕು, ಕ್ವೀನ್ಸ್‌ಲ್ಯಾಂಡಿನ ಪರ್ಮಿಟಿನ ಹಾಗೆಯೇ. ಪ್ರಾಕ್ಟೀಸಿಂಗ್ ಲೈಸೆನ್ಸ್ ಎರಡು ವರ್ಷಕ್ಕೊಮ್ಮೆ ಹೊಸತು ಮಾಡಬೇಕು. ತಸ್ಮಾನ್ ಸಮುದ್ರದ ಆಚೆ-ಈಚೆ ಲೈಸೆನ್ಸ್ ಗುರುತಿಸುವ ಒಪ್ಪಂದ ಎರಡು ದೇಶಕ್ಕೂ ಉಂಟು. ಆದರೆ ಅಲ್ಲಿ ಅರ್ಜಿ ಹಾಕದೆ ಕೆಲಸ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೇ.

ಒಂದು ಹೆಂಗಸಾಗಿ ಹೇಳುತ್ತೇನೆ, ಈ ಕಾರ್ಡು ನನಗೆ ಕೊಟ್ಟ ಧೈರ್ಯ ದೊಡ್ಡದು. ಮೊದಮೊದಲು ಗಿರಾಕಿಗಳು ಬಾಗಿಲಲ್ಲಿ ನಿಂತು ‘ನೀವೇ ಮಾಡುವುದಾ?’ ಅಂತ ಕೇಳುತ್ತಿದ್ದರು. ಕಾರ್ಡು ತೋರಿಸಿದರೆ ಒಳಗೆ ಬಿಡುತ್ತಾರೆ. ನಮ್ಮ ಊರಿನ ಹೆಣ್ಣುಮಕ್ಕಳು ಈ ಕಸುಬಿಗೆ ಬರಬೇಕು ಅಂತ ನನಗೆ ತುಂಬಾ ಆಸೆ.

ದಾವಣಗೆರೆ_ಪಂಪ್‌ಸೆಟ್

ಮೇಷ್ಟ್ರೇ, ನಮ್ಮ ಕರ್ನಾಟಕದಲ್ಲಿ ಇಂಥದ್ದು ಇಲ್ವಾ? ನಾನು ಹದಿನೈದು ವರ್ಷದಿಂದ ಮೋಟ್ರು ಎತ್ತಿ ಇಳಿಸಿ ಸ್ಟಾರ್ಟರ್ ಕಟ್ತಿದ್ದೀನಿ. ಯಾರೂ ಲೈಸೆನ್ಸ್ ಕೇಳಿಲ್ಲ.

ವೈರಿಂಗ್_ಮೇಷ್ಟ್ರು

ಯಾರೂ ಕೇಳದಿದ್ದರೂ ನಿಯಮ ಇದೆ ತಮ್ಮಾ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. 2010ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಬಂತು, 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ವಿದ್ಯುತ್ ಸ್ಥಾಪನೆಯ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರ, ಸೂಪರ್‌ವೈಸರ್ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವವರಿಂದ ಮಾಡಿಸಬೇಕು. ನಮ್ಮಲ್ಲಿ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ.

ಆ ನಿಯಮದಲ್ಲಿ ಒಂದು ವಿನಾಯ್ತಿ ಹಳೆಯ ಕಾಲದಿಂದ ಬಂದಿದೆ. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಮನೆಬಳಕೆಯ ಉಪಕರಣ, ಇವನ್ನು ಸಾಮರ್ಥ್ಯ, ಸ್ವರೂಪ ಬದಲಾಗದಂತೆ ಬದಲಿಸುವುದಕ್ಕೆ ಪರ್ಮಿಟ್ ಬೇಡ. ಊರಿನ ಪ್ಲಂಬರ್ ಗೀಸರ್ ಬದಲಿಸುವುದು ಈ ವಿನಾಯ್ತಿಯ ಒಳಗೆ ಬರುತ್ತದೆ. ನಿನ್ನ 415 ವೋಲ್ಟಿನ ಸ್ಟಾರ್ಟರ್ ಬರುವುದಿಲ್ಲ. ಇಲ್ಲಿ ಪ್ಲಂಬರ್‌ಗೆ ನಡುವಿನ ಒಂದು ಮೆಟ್ಟಿಲು ಕಟ್ಟಿ ತರಬೇತಿ ಕೊಡುತ್ತಾರೆ. ಊರಲ್ಲಿ ಅದೇ ಕೆಲಸ ತರಬೇತಿ ಇಲ್ಲದೆ ನಡೆಯುತ್ತದೆ. ಪಂಪ್‌ಸೆಟ್ ಮೆಕ್ಯಾನಿಕ್‌ಗೆ ಅವನ ಕೆಲಸದಷ್ಟಕ್ಕೇ ಕನ್ನಡದಲ್ಲೇ ತರಬೇತಿ ಕೊಟ್ಟು, ಕಾರ್ಡು ಕೊಡುವ ವ್ಯವಸ್ಥೆ ನಮ್ಮಲ್ಲೂ ಆಗಬೇಕು. ನಿನ್ನ ಪಕ್ಕದ ಹಳ್ಳಿಯ ಹುಡುಗನಿಗೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೋ ಎಂದು ಒಬ್ಬರಾದರೂ ಒಂದು ದಿನ ಕೂರಿಸಿ ಹೇಳಬೇಕಿತ್ತು. ನಿನ್ನ ಅನುಭವಕ್ಕೆ ವೈರ್‌ಮನ್ ಪರ್ಮಿಟ್‌ಗೆ ಏನು ಬೇಕೆಂದು ಜಿಲ್ಲೆಯ ಪರಿವೀಕ್ಷಣಾ ಕಚೇರಿಯಲ್ಲಿ ಕೇಳು, ಬಿಡಬೇಡ.

ಮೆಲ್ಬರ್ನ್_ಗ್ಯಾಸ್

ಹುಬ್ಬಳ್ಳಿ ಅಣ್ಣ, ಮುಂದೆ ಬೇರೆ ರಾಜ್ಯಕ್ಕೆ ಹೋಗೋ ಯೋಚನೆ ಇದ್ರೆ ಒಂದು ಮಾತು. ಇಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಪ್ರಾಧಿಕಾರ. ನಮ್ಮ ವಿಕ್ಟೋರಿಯಾದಲ್ಲಿ ಎನರ್ಜಿ ಸೇಫ್ ವಿಕ್ಟೋರಿಯಾ. ಒಂದು ರಾಜ್ಯದ ಕಾರ್ಡಿನ ಮೇಲೆ ಇನ್ನೊಂದು ರಾಜ್ಯದಲ್ಲಿ ಕೆಲಸ ಶುರು ಮಾಡೋಕೆ ಮುಂಚೆ ಅಲ್ಲಿನವರನ್ನ ಕೇಳಿ. ಮತ್ತೆ ನಿಮ್ಮ ಒಂಬತ್ತು ವರ್ಷ ಕಸುಬಿಗೆ ಲೆಕ್ಕ ಸಿಗಬೇಕು ಅಂದ್ರೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ದಾರಿ ವಿಚಾರಿಸಿ. ಊರಿನ ಮಾಲೀಕರಿಂದ ಅನುಭವದ ಪತ್ರ ತಾರೀಖು, ಕೆಲಸದ ವಿವರ ಸಮೇತ ಈಗಲೇ ತರಿಸ್ಕೊಳ್ಳಿ. ನಮ್ಮಣ್ಣನ ಹಳೇ ಅಂಗಡಿ ಮುಚ್ಚಿಹೋಗಿ ಪತ್ರ ಬರೆದುಕೊಡೋಕೆ ಯಾರೂ ಸಿಗದೆ ಬಹಳ ಒದ್ದಾಡಿದ.

ಹುಬ್ಬಳ್ಳಿ_ಎಸಿ

ಹಿಂದಿನ ತಿಂಗಳು ಕೇಳಿದಾಂವ ನಾನs. ಸುದ್ದಿ ಹೇಳಾಕ ಬಂದೀನಿ. ಸೀನಿಯರ್ ಸಹಿ ಹಾಕಾಕ ಒಪ್ಯಾರ. ಎರಡೂ ಘಟಕಕ್ಕ ಸೇರೀನಿ, ಟ್ರೈನಿಂಗ್ ಪರ್ಮಿಟ್ ಮೊನ್ನೆ ಬಂತು. ಊರಿಂದ ಹಳೇ ಮಾಲಕರು ಪತ್ರ ಬರದು ಸಹಿ, ಸಿಕ್ಕಾ ಹಾಕಿ ಕಳಿಸ್ಯಾರ.

ನಿನ್ನೆ ಲಾಗ್‌ಬುಕ್ಕಿನಾಗ ಮೊದಲನೇದು ಬರದೆ. ಒಂದು ಶಾಲಿಯ ಡಕ್ಟೆಡ್ ಎಸಿ, ತ್ರೀ ಫೇಸ್. ಬ್ರೇಕರ್ ಆರಿಸಿ ನನ್ನ ಬೀಗ ಹಾಕಿದೆ, ಕೀಲಿ ನನ್ನ ಜೇಬಿನಾಗ. ದಾವಣಗೆರಿ ತಮ್ಮನ ನೆನಪಾತು. ಐಸೊಲೇಟರ್ ಮುಚ್ಚಳ ತಗದ್ರ ಒಳಗ ಕೆಂಪು, ಬಿಳಿ, ನೀಲಿ, ಕಪ್ಪು. ಕೈ ತಾನs ಬಿಳಿ ವೈರ್ ಕಡೆ ಹೊಂಟಿತ್ತು. ನಿಲ್ಲಿಸಿದೆ. ಟೆಸ್ಟರ್ ಮೊದಲು ವ್ಯಾನ್‌ನಾಗಿನ ಇನ್ವರ್ಟರ್ ಸಾಕೆಟ್ಟಿಗೆ ಇಟ್ಟು ನೋಡಿ, ಫೇಸ್-ಫೇಸ್ ಮೂರು ಸಲ, ಫೇಸ್-ನ್ಯೂಟ್ರಲ್ ಮೂರು ಸಲ, ಪ್ರತಿಯೊಂದೂ ಅರ್ತಿಗೆ, ಮತ್ತ ವಾಪಸ್ ಸಾಕೆಟ್ಟಿಗೆ. ಸೀನಿಯರ್ ಪಕ್ಕದಾಗ ಕೈ ಕಟ್ಟಿ ನಿಂತು ಒಂದೂ ಮಾತಾಡ್ಲಿಲ್ಲ. ಕಾಂಟ್ಯಾಕ್ಟರ್ ಬದಲಿಸಿ, ಮೆಗ್ಗರ್ ಹಿಡದು, ಫ್ಯಾನ್ ಸರಿಯಾದ ದಿಕ್ಕಿಗೆ ತಿರಗತೈತಿ ಅಂತ ನೋಡಿದ ಮ್ಯಾಲ ಸಹಿ ಹಾಕಿದ್ರು.

ಮೇಷ್ಟ್ರ, ಒಂದು ಕೇಳೂದು ಉಳದೈತಿ. ಅಲ್ಲೆ ಐಸೊಲೇಟರ್‌ಗೆ ಬರೂ ಕೇಬಲ್‌ನ ಮ್ಯಾಲಿನ ಕವಚ ಬಿಸಿಲಿಗೆ ಒಡದು ಒಳಗಿನ ವೈರ್ ಕಾಣತಿತ್ತು. ನಾ ಮುಟ್ಟಲಿಲ್ಲ. ಶಾಲಿಯವರಿಗೆ ಬರದು ಕೊಟ್ಟು, ಫೋಟೊ ತಗೊಂಡು, ಎಲೆಕ್ಟ್ರಿಷಿಯನ್‌ಗೆ ಹೇಳಾಕ ಸೀನಿಯರ್‌ಗೆ ತಿಳಿಸಿದೆ. ಅದೂ ಲಾಗ್‌ಬುಕ್ಕಿನಾಗ ಬರೀಬೇಕೇನು?

ವೈರಿಂಗ್_ಮೇಷ್ಟ್ರು

ಬರೆಯಿರಿ. ‘ಕೇಬಲ್ ಹಾನಿ ಕಂಡಿದೆ, ಮುಟ್ಟಿಲ್ಲ, ಮಾಲೀಕರಿಗೆ ಲಿಖಿತವಾಗಿ ತಿಳಿಸಿದೆ’ ಎಂದು, ಗಂಟೆ ಸಮೇತ. ಒಳಗಿನ ವೈರೇ ಕಾಣುವಷ್ಟು ಒಡೆದಿದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಆ ಬ್ರೇಕರ್ ಆರಿಸಿಯೇ ಇಡಬೇಕಿತ್ತು, ಅದು ಮಕ್ಕಳು ಓಡಾಡುವ ಜಾಗ. ಇವತ್ತೇ ಸೀನಿಯರ್‌ಗೆ ಫೋನ್ ಮಾಡಿ ಶಾಲೆಯವರಿಗೆ ಹೇಳಿಸಿ.

ಹುಬ್ಬಳ್ಳಿ_ಎಸಿ

ಮಾಡಿದೆ ಮೇಷ್ಟ್ರ. ಈಗs ಆರಿಸ್ಯಾರ. ಎಲೆಕ್ಟ್ರಿಷಿಯನ್ ನಾಳೆ ಏಳಕ್ಕ ಬರ್ತಾರಂತ, ನಾನೂ ಹೋಗ್ತೇನಿ.